ಬಡ್ಡಿ ಇದ್ದಲ್ಲೇ ಇರುತ್ತದೆ ಎಂದ ಮುನೀರೋದ್ದೀನ ಸರ್

ಮುನೀರೋದ್ದೀನ ಸರ್ ಭಾಲ್ಕಿಯ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದಾರೆ. ಪಾಠಕ್ಕೆ ಮೊದಲು ಬೋರ್ಡಿನ ಮೂಲೆಯಲ್ಲಿ 'ಉಳಿದದ್ದೆಲ್ಲ ಸ್ಥಿರವೆಂದು ಭಾವಿಸಿ' ಎಂದು ಬರೆಯುವರು, ಆಮೇಲೆ ಅದನ್ನು ಮರೆತೇಬಿಡುವರು. ಅವರ ಶಿಷ್ಯನಾದ ನಾನೂ ಆ ಮೂಲೆಯತ್ತ ನೋಡಿದವನಲ್ಲ. ಬೀದರಿನ ಚಿದ್ರಿಯಲ್ಲಿ ಅವರೂ ನಾನೂ ಇರುವ ಓಣಿಯಲ್ಲಿ ಫ್ರಿಜ್ ಕೊಳ್ಳುವುದಿದ್ದರೂ ಜನ ಅವರನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಎನ್ನುವುದು ಅವರಿಗೆ ಬಾರದು.

ಸರ್ ಅವರ ಎದುರು ಮನೆಯ ದೊರ್ಕಾ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಮಧ್ಯಾಹ್ನ ನಡೆದು ಬಂದು, ಲಕ್ವ ಹೊಡೆದ ತಾಯಿಗೆ ಉಣಿಸಿ ಹೋಗಬೇಕೆಂದೇ ಆಕೆ ಆ ಮನೆ ಕೊಂಡದ್ದು. ಮನೆಯ ಸಾಲ ಆಕೆಯ ಅರವತ್ತನೇ ವಯಸ್ಸಿಗೆ ತೀರಬೇಕಿತ್ತು. ೨೦೨೨ರ ಆರಂಭದಲ್ಲಿ ಬ್ಯಾಂಕಿನವರು, ತುಸು ಹೆಚ್ಚು ಕೊಟ್ಟರೆ ಸಾಲವನ್ನು ಬದಲಾಗದ ಬಡ್ಡಿಗೆ ಹಾಕುತ್ತೇವೆ ಎಂದರು. ಆಕೆ ಸರ್ ಹತ್ತಿರ ಬಂದಳು.

"ಬ್ಯಾಡ್ರಿ ಸಿಸ್ಟರ್. ವರ್ಷಪೂರ್ತಿ ಬಡ್ಡಿ ಇದ್ದಲ್ಲೇ ಇರ್ತದ. ದೊಡ್ಡ ಬ್ಯಾಂಕಿನವರೇ ಬರದಾರ ನೋಡ್ರಿ."

ಅವರು ತೋರಿಸಿದ, ದೇಶದ ಕೇಂದ್ರ ಬ್ಯಾಂಕಿನ ಮುನ್ನೋಟದ ಹಾಳೆಯಲ್ಲಿ ಇದ್ದದ್ದು ಬೇರೆ. ಬಡ್ಡಿ ಬದಲಾಗದೆಂದು ಭಾವಿಸಿದರೆ ಬೆಲೆಗಳು ಇಷ್ಟಿರಬಹುದು ಎಂದು, ಅಷ್ಟೆ. ಲೆಕ್ಕ ಶುರುಮಾಡಲು ಹಿಡಿದ ಊಹೆಯನ್ನು ಬ್ಯಾಂಕು ಕೊಟ್ಟ ಮಾತೆಂದು ಸರ್ ಓದಿದ್ದರು. ಅವರನ್ನು ನಂಬಿ ದೊರ್ಕಾ ಬದಲಾಗದ ಬಡ್ಡಿ ಬೇಡವೆಂದಳು.

ಮೇ ತಿಂಗಳಿಂದ ಬಡ್ಡಿ ಏರತೊಡಗಿತು. ಅಲ್ಲಿಂದ ವರ್ಷ ತುಂಬುವುದರೊಳಗೆ ಎರಡೂವರೆ ಪರ್ಸೆಂಟ್ ಏರಿತು. ಹಳೆಯ ಕಂತಿನಲ್ಲೇ ಹೋದರೆ ಸಾಲ ಅರವತ್ತು ದಾಟಿ ಇನ್ನೂ ಆರು ವರ್ಷ. ಅದಾಗದು, ಕಂತು ಹೆಚ್ಚಿಸಿ ಎಂದಿತು ಬ್ಯಾಂಕು. ಸರ್ ಆ ಮುನ್ನೋಟದ ಹಾಳೆ ಹಿಡಿದು ಮ್ಯಾನೇಜರರ ಮುಂದೆ ಕೂತರು.

"ಇದು ಅಂದಾಜ ಅದ ಸರ್, ಕರಾರ ಅಲ್ಲ" ಎಂದರು ಮ್ಯಾನೇಜರರು, ಮೆಲ್ಲಗೆ.

ಪಕ್ಕದಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಹಾಯಬೇಕೆಂದು ಮಾತ್ರ ತಿಳಿಯಲಿಲ್ಲ.

ಹೆಚ್ಚು ಪಗಾರಕ್ಕಾಗಿ ದೊರ್ಕಾ ಭಾಲ್ಕಿಯ ಒಂದು ನರ್ಸಿಂಗ್ ಹೋಮಿಗೆ ಸೇರಿದಳು. ಮೊದಲ ದಿನ ಸರ್ ಹತ್ತುವ ಬಸ್ಸಿನಲ್ಲೇ ಕೂತಿದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ.

"ಬರ್ರಿ ಸರ್, ನಿಮಗ ಜಾಗ ಹಿಡದೀನಿ."

ಸರ್ ಕಷ್ಟಪಟ್ಟು ಕೇಳಿದರು: "ಮಧ್ಯಾಹ್ನ ಅವ್ವಗ ಯಾರು ಉಣಸ್ತಾರ?"

"ತಲಿ ಹತ್ರ ಡಬ್ಬಿ ಇಟ್ಟೀನ್ರಿ. ಒಂದು ಕೈ ಜರಾ ಏಳ್ತದ." ಆಮೇಲೆ ಆಕೆಯೇ ಕೇಳಿದಳು: "ಈ ವರ್ಷ ಬಡ್ಡಿ ಇಳೀತದ ಏನ್ರಿ? ನೀವು ಓದಿರ್ತೀರಿ. ನೀವ ಹೇಳ್ರಿ ಸರ್."

ಆಕೆ ವ್ಯಂಗ್ಯವಾಡುತ್ತಿರಲಿಲ್ಲ. ಬಸ್ಸು ಊರು ದಾಟಿದರೂ ಆಕೆ ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತಿದ್ದಳು.