ಹೋಗಿ ಬರುವ ಗಾಡಿ

ಪುಣೆಯ ನಾನಾ ಪೇಠೆಯಲ್ಲಿ ಮೋಟಾರಿನ ಬಿಡಿಭಾಗ ಮಾರುವ ಅಂಗಡಿಗಳ ಸಾಲಿನಲ್ಲಿ ಹೊಳಬಸಪ್ಪನವರದೂ ಒಂದು. ಗುಳೇದಗುಡ್ಡದಿಂದ ಬಂದು ಮೊದಲು ಇನ್ನೊಬ್ಬರ ಅಂಗಡಿಯಲ್ಲಿ ಕೆಲಸ ಮಾಡಿ, ಆಮೇಲೆ ತಮ್ಮದೇ ಬೇರಿಂಗು, ಬೆಲ್ಟು, ಕ್ಲಚ್ ಪ್ಲೇಟುಗಳ ವ್ಯಾಪಾರ ಇಟ್ಟವರು. ಒಬ್ಬಳೇ ಮಗಳು ನೀತಾ. ಕಾಲೇಜು ಮುಗಿಸಿ ೧೯೯೩ರಲ್ಲಿ ಅಂಗಡಿಯ ಕಟ್ಟೆ ಹತ್ತಿದಳು. ಗಿರಾಕಿ ಕೇಳಿದ್ದನ್ನು ತೆಗೆದು ಕೊಡುವುದು ಅಪ್ಪನ ಪದ್ಧತಿ. ಅದು ಯಾಕೆ ಬೇಕು ಎಂದು ಕೇಳುವುದು ಮಗಳ ಚಟ.

ಒಂದು ದಿನ ಸ್ವಪ್ನಿಲ್ ಎಂಬವನು ಕಾರ್ಬುರೇಟರಿನ ಜೆಟ್ ಕೇಳಿಕೊಂಡು ಬಂದ. ಪೆಟ್ರೋಲು ಹಾಯುವ ಸಣ್ಣ ಹಿತ್ತಾಳೆ ತುಂಡು ಅದು, ನಡುವೆ ಸೂಜಿಯಷ್ಟು ತೂತು. ಇವನಿಗೆ ದೊಡ್ಡ ತೂತಿನದು ಬೇಕಿತ್ತು. ಜಮಖಂಡಿ ಕಡೆಯ ಮನೆತನದವನು, ಹಡಪಸರದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ.

"ನಿಮ್ಮ ಗಾಡಿಗೆ ಇದು ದೊಡ್ಡದಾಗ್ತದಲ್ರೀ," ಎಂದಳು ನೀತಾ.

"ದೊಡ್ಡದ ಬೇಕು. ಜೋರು ಹೋಗಾಕ."

"ಎಲ್ಲಿಗೆ?"

ಸ್ವಪ್ನಿಲ್ ನಕ್ಕುಬಿಟ್ಟ. "ಎಲ್ಲಿಗೂ ಅಲ್ರೀ. ನೆಟ್ಟಗ ಕಾಲು ಮೈಲಿ. ಅಲ್ಲಿಗೆ ಮುಗೀತು."

ಎಲ್ಲಿಗೂ ಅಲ್ಲದ ಊರಿಗೆ ಅಷ್ಟು ಜೋರಾಗಿ ಹೋಗುವ ಗಾಡಿಯನ್ನು ನೋಡದೆ ನೀತಾಳಿಗೆ ಸಮಾಧಾನವಾಗಲಿಲ್ಲ. ಮುಂದಿನ ರವಿವಾರ ಬಸ್ಸು ಹಿಡಿದು ಹಡಪಸರಕ್ಕೆ ಹೋದಳು. ಸ್ವಪ್ನಿಲ್ ಡ್ರ್ಯಾಗ್ ರೇಸ್ ಎಂದರೆ ಏನೆಂದು ಹೇಳಿದ. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ. ದೀಪ ಹಸಿರಾದಾಗ ನಿಂತಲ್ಲಿಂದಲೇ ನೆಗೆಯಬೇಕು. ತಿರುವಿಲ್ಲ, ಏರಿಲ್ಲ, ಕಾಲು ಮೈಲಿಯ ಕೊನೆಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ಅವನ ಗಾಡಿಗೆ ಹಿಂದಿನ ಸೀಟು ಇರಲಿಲ್ಲ, ದೀಪ ಇರಲಿಲ್ಲ, ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ಸುಮ್ಮನೆ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟರೆ ಕೆಮ್ಮಿ ಕೆಮ್ಮಿ ಆರಿಹೋಗುತ್ತಿತ್ತು. ರೇಸಿಗೆ ಒಯ್ಯುವಾಗ ಲಾರಿಯ ಮೇಲೆ ಹೇರಿ ಒಯ್ಯಬೇಕು.

"ಹಂಗಾರ ಇದು ಪ್ಯಾಟಿಗೆ ಹೋಗೂದಿಲ್ಲ?"

"ಪ್ಯಾಟಿಗೆ ಯಾಕ ಹೋಗಬೇಕ್ರೀ? ರೇಸಿನ ಕುದುರಿಗೆ ಟಾಂಗಾ ಹೂಡ್ತಾರೇನು?"

ಯಾಕೆ ಹೂಡಬಾರದು ಎಂಬ ಪ್ರಶ್ನೆ ಬಸ್ಸಿನಲ್ಲಿ ವಾಪಸು ಬರುವಾಗ ಅವಳ ತಲೆ ಹೊಕ್ಕಿತು. ಮನೆಯಲ್ಲಿದ್ದದ್ದು ಒಂದೇ ಕಾರು, ಬಿಳಿಯ ಪ್ರೀಮಿಯರ್. ಹಿಂದಿನ ಚಕ್ರ ತಿರುಗಿಸಿ ಓಡುವ, ಪೆಟ್ಟಿಗೆಯಂಥ ಮೈಯ ಗಾಡಿ. ಅದರಲ್ಲೇ ಅಂಗಡಿಯ ಸರಕು ಬರಬೇಕು, ಅದರಲ್ಲೇ ಮೊಣಕಾಲು ನೋವಿನ ಅವ್ವ ಶಿವಗಂಗವ್ವ ಬಳಗದವರ ಮನೆಗೆ ಹೋಗಬೇಕು. ಇನ್ನೊಂದು ಕಾರಿನ ಮಾತೇ ಇರಲಿಲ್ಲ. ಓಡಿಸುವುದಾದರೆ ಇದನ್ನೇ.

ಅಪ್ಪನನ್ನು ಕೇಳಿದಾಗ ಅವರು ಕೂಡಲೇ ಬೇಡ ಎನ್ನಲಿಲ್ಲ. "ಏನರ ಮಾಡು. ಆದ್ರ ಸೋಮವಾರ ಮುಂಜಾನಿ ನಾ ಕೀಲಿ ತಿರುವಿದ್ರ ಗಾಡಿ ಸುರು ಆಗಬೇಕು," ಎಂದರು.

ಕಲಿಯುವುದಕ್ಕೆ ಎರಡು ವರ್ಷವೇ ಹೋಯಿತು. ರವಿವಾರಗಳಂದು ಸ್ವಪ್ನಿಲನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವುದು, ಮತ್ತೆ ಕಟ್ಟುವುದು. ಇಂಜಿನ್ನಿನ ತಲೆಯನ್ನು ಸ್ವಲ್ಪ ಸವೆಸಿದರೆ ಒಳಗಿನ ಜಾಗ ಕಿರಿದಾಗಿ ಪೆಟ್ರೋಲು ಹೆಚ್ಚು ಬಿಗಿಯಾಗಿ ಸಿಡಿಯುತ್ತದೆ, ಜೋರು ಬರುತ್ತದೆ ಎಂದು ಅವಳಿಗೆ ತಿಳಿಯಿತು. ಎಷ್ಟು ಸವೆಸಬೇಕು ಎನ್ನುವುದು ಮಾತ್ರ ತಿಳಿದಿರಲಿಲ್ಲ. ಮನೆಯ ಗಾಡಿಯ ತಲೆಯನ್ನು ಮೊದಲ ಸಲ ಉತ್ಸಾಹದಲ್ಲಿ ಭಾಳ ಸವೆಸಿಬಿಟ್ಟಳು. ಗಾಡಿ ಸೊಲ್ಲಾಪುರ ರಸ್ತೆಯಲ್ಲಿ ಹಾರಿತು. ಅವಳಿಗೆ ಎದೆ ತುಂಬಿ ಬಂತು.

ಅದೇ ವಾರ ಶಿವಗಂಗವ್ವನವರನ್ನು ಯೆರವಡಾಕ್ಕೆ, ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆದೊಯ್ಯಬೇಕಿತ್ತು. ಏಪ್ರಿಲ್ ಬಿಸಿಲು. ಅಲ್ಲಿಯ ಜೈಲಿನ ಗೋಡೆಯ ಮಗ್ಗುಲಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಬಿಸಿ ತೋರಿಸುವ ಮುಳ್ಳು ಏರಿತು, ಏರಿತು, ಕೊನೆಗೆ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಪೊಲೀಸಿನವನು ಓಡಿ ಬಂದು ಏನಾಯಿತೆಂದು ಮರಾಠಿಯಲ್ಲಿ ಕೇಳಿದ. ರೇಷ್ಮೆ ಸೀರೆಯುಟ್ಟು ಹಿಂದೆ ಕೂತಿದ್ದ ಶಿವಗಂಗವ್ವ ತಮ್ಮ ಹರಕು ಮರಾಠಿಯಲ್ಲೇ ಅವನಿಗೆ ಸಮಾಧಾನ ಹೇಳಿದರು: ಏನಿಲ್ಲಪ್ಪ, ಮಗಳು ಗಾಡಿಯನ್ನು ಚುರುಕು ಮಾಡಿದ್ದಾಳೆ, ಅದಕ್ಕೇ ನಿಂತಿದೆ.

ಹೊಳಬಸಪ್ಪನವರು ಬಯ್ಯಲಿಲ್ಲ. ಸೋಮವಾರ ರಿಕ್ಷಾದಲ್ಲಿ ಅಂಗಡಿಗೆ ಹೋದರು. ಆಮೇಲೆ ಇಂಜಿನ್ನನ್ನು ಹಳೆಯ ಸ್ಥಿತಿಗೇ ತರಿಸಿ ಕೀಲಿಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ನೀತಾ ಕೇಳುವುದಕ್ಕೂ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು, ಬಂದ ಮೆಕ್ಯಾನಿಕರನ್ನೆಲ್ಲ ಮಾತಿಗೆಳೆದು, ಗಾಡಿ ಯಾಕೆ ಕುದಿಯುತ್ತದೆ ಎಂದು ವಿಚಾರಿಸುತ್ತಿದ್ದಳು. ಒಬ್ಬ ರೇಡಿಯೇಟರ್ ಎಂದ, ಒಬ್ಬ ಫ್ಯಾನು ಎಂದ, ಇನ್ನೊಬ್ಬ ಶನಿ ಕಾಟ ಎಂದ.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಹೊಳಬಸಪ್ಪನವರು ಸಾಸವಡಕ್ಕೆ ಸರಕು ಮುಟ್ಟಿಸಿ ಬಂದವರು ಕೈಕಾಲು ತೊಳೆದು ಊಟಕ್ಕೆ ಕೂತರು. ರೊಟ್ಟಿ ಮುರಿಯುತ್ತ ಮಗಳ ಮುಖ ನೋಡದೆ ಹೇಳಿದರು:

"ದಿವೆ ಘಾಟ ಏರವಲ್ದು ಗಾಡಿ. ಲಾರಿಯವರೆಲ್ಲ ಹಾರ್ನ್ ಹೊಡದು ದಾಟಿ ಹೋದ್ರು."

"ಮೊದಲೂ ಹಂಗ ಇತ್ತಲ್ಲಪ್ಪ."

"ಮೊದಲು ಗೊತ್ತಿರಲಿಲ್ಲ. ನಡುವ ಒಂದು ವಾರ ನೀ ಮಾಡಿದ ಮ್ಯಾಲ ಗೊತ್ತಾತು." ಇನ್ನೊಂದು ತುತ್ತು ತಿಂದು ಮತ್ತೆ ಅಂದರು, "ಆ ಜೋರು ಬೇಕು. ಆ ಕುದಿಯೂದು ಬ್ಯಾಡ. ಆಗ್ತದೇನು?"

ಆಗ್ತದೋ ಇಲ್ಲವೋ ನೀತಾಳಿಗೆ ಗೊತ್ತಿರಲಿಲ್ಲ. ಆದರೆ ಮೂರು ವರ್ಷದಿಂದ ತಾನು ಹುಡುಕುತ್ತಿದ್ದ ಪ್ರಶ್ನೆಯನ್ನು ಅಪ್ಪ ಎರಡೇ ಮಾತಿನಲ್ಲಿ ಎದುರಿಗಿಟ್ಟಿದ್ದರು. ಕೀಲಿ ತಟ್ಟೆಯ ಪಕ್ಕದಲ್ಲಿತ್ತು.

ಆ ಕೆಲಸ ಗಿಡ್ಡ ಕೌದಿಯಂಥದು. ತಲೆಗೆ ಎಳೆದರೆ ಕಾಲು ಬಯಲು, ಕಾಲಿಗೆ ಎಳೆದರೆ ತಲೆ. ತಂಪಾಗಲೆಂದು ದೊಡ್ಡ ರೇಡಿಯೇಟರ್ ಕೂಡಿಸಿದರೆ ಮೂತಿ ಭಾರವಾಯಿತು. ನೆಗೆತಕ್ಕೆಂದು ಗೇರಿನ ಹಲ್ಲು ಬದಲಿಸಿದರೆ ಹೆದ್ದಾರಿಯಲ್ಲಿ ಇಂಜಿನ್ ಕಿರುಚಿತು. ಇಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ಹೊಸದು ಹಾಕಿದಾಗ ಗಾಡಿ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಗಡಗಡ ನಡುಗುತ್ತಿತ್ತು. "ಕೂತಲ್ಲೇ ನುಚ್ಚು ಬೀಸಿದಂಗಾಗ್ತದ," ಎಂದರು ಶಿವಗಂಗವ್ವ. ನೀತಾ ಅದನ್ನು ತೆಗೆದು ಇನ್ನೂ ಸೌಮ್ಯವಾದದ್ದನ್ನು ಹಾಕಿದಳು. ಈ ಸಲ ತಲೆ ಸವೆಸಿದ್ದು ಸ್ವಲ್ಪವೇ. ಜೋರು ಬಂತು, ಬಿಸಿ ಹತೋಟಿಯಲ್ಲಿ ಉಳಿಯಿತು. ಆದರೂ ಒಂದು ಕೊರತೆ. ನಿಂತಲ್ಲಿಂದ ಬಿಟ್ಟ ಕೂಡಲೇ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ರಬ್ಬರು ಸುಡುತ್ತಿತ್ತು. ಇಂಜಿನ್ ಕೊಟ್ಟ ಬಲವೆಲ್ಲ ಹೊಗೆಯಾಗಿ ಹೋಗುತ್ತಿತ್ತು.

ಅದರ ಉತ್ತರ ಸಿಕ್ಕಿದ್ದು ದೌಂಡದ ದಾರಿಯಲ್ಲಿ. ಶಿವಗಂಗವ್ವನವರ ತಂಗಿ ರುದ್ರವ್ವ ಅಲ್ಲಿದ್ದರು. ಗಂಡನಿಗೆ ರೈಲ್ವೆ ನೌಕರಿ. ಸಂಕ್ರಾಂತಿಗೆ ಹೋಗಿ ವಾಪಸು ಹೊರಟಾಗ ರುದ್ರವ್ವ ಡಿಕ್ಕಿಯಲ್ಲಿ ಒಂದು ಚೀಲ ಜೋಳ, ಮೇಲೆ ಬೆಲ್ಲದ ಪೆಂಟೆ ಹಾಕಿಸಿದರು. ಶಿವಗಂಗವ್ವ ಹಿಂದೆ ಕಾಲು ಚಾಚಿ ಕೂತರು. ರೈಲ್ವೆ ಗೇಟು ತೆರೆದಾಗ ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ. ನೀತಾ ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟಳು.

ಚಕ್ರ ಸುತ್ತಲಿಲ್ಲ. ಹೊಗೆ ಬರಲಿಲ್ಲ. ಗಾಡಿ ಹಿಂಗಾಲು ಊರಿ ಎದ್ದ ಎತ್ತಿನಂತೆ ಮುಂದೆ ಜಿಗಿಯಿತು. ಶಿವಗಂಗವ್ವನವರ ಕನ್ನಡಕ ಮಡಿಲಿಗೆ ಬಿತ್ತು.

ನೀತಾ ಗಾಡಿಯನ್ನು ಬದಿಗೆ ನಿಲ್ಲಿಸಿ ತಿರುಗಿ ನೋಡಿದಳು. "ಅವ್ವ, ನೀ ಸ್ವಲ್ಪ ಇಳೀತಿ?"

"ಯಾಕ? ಏನ ಮುರೀತು?"

"ಏನೂ ಇಲ್ಲ. ನೀ ಇಳದ್ರ ಏನಾಗ್ತದ ನೋಡಬೇಕು."

ಶಿವಗಂಗವ್ವ ಕಬ್ಬಿನ ಗದ್ದೆಯ ಅಂಚಿನಲ್ಲಿ ಜೋಳದ ಚೀಲ ಕಾಯುತ್ತ ನಿಂತರು. ನೀತಾ ಖಾಲಿ ಗಾಡಿಯನ್ನು ಬಿಟ್ಟಳು, ಚಕ್ರ ಸುತ್ತಿ ಹೊಗೆಯೆದ್ದಿತು. ಚೀಲ ಹಾಕಿ ಬಿಟ್ಟಳು, ಹೊಗೆ ಕಡಿಮೆಯಾಯಿತು. ಅವ್ವನನ್ನೂ ಕೂಡಿಸಿ ಬಿಟ್ಟಳು, ಹೊಗೆ ಪೂರ್ತಿ ಮಾಯ. ಹಗುರ ಮಾಡಿದಷ್ಟೂ ಗಾಡಿ ಓಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಭಾರ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಮುಖ್ಯ ಎಂದು ಅವತ್ತು ಕಣ್ಣಾರೆ ಕಂಡಿತು. ಊರಿಗೆ ಬಂದವಳೇ ಬ್ಯಾಟರಿಯನ್ನು ಮುಂದಿನಿಂದ ಕಿತ್ತು ಡಿಕ್ಕಿಯಲ್ಲಿ ಕೂಡಿಸಿ, ಉದ್ದದ ತಂತಿ ಎಳೆದಳು. ಸ್ಟೆಪ್ನಿ ಅಲ್ಲೇ ಉಳಿಯಿತು. ಸ್ವಪ್ನಿಲನ ಹಾಗೆ ಹಿಂದಿನ ಸೀಟು ತೆಗೆಯುವ ಮಾತನ್ನು ಬಿಟ್ಟೇಬಿಟ್ಟಳು.

ಊರಿನೊಳಗೆ, ಜನರ ನಡುವೆ ಅವಳು ಎಂದೂ ಪಂದ್ಯ ಕಟ್ಟಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ಗುರ್ ಎನ್ನಿಸಿದವರಿಗೆ ದಾರಿ ಕೊಟ್ಟು ಸುಮ್ಮನಿರುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಸರಿಯಾದ ಜಾಗಕ್ಕೆ. ೨೦೦೨ರ ಚಳಿಗಾಲದಲ್ಲಿ ಅದು ಒದಗಿತು. ಘಟ್ಟದಾಚೆಯ ಒಂದು ಖಾಸಗಿ ವಿಮಾನಪಟ್ಟಿಯ ಮೇಲೆ ಕೆಲವು ಉತ್ಸಾಹಿಗಳು ಸೇರಿ ರೇಸು ಇಟ್ಟಿದ್ದರು.

ಉಳಿದವರು ಲಾರಿಯ ಮೇಲೆ ಗಾಡಿ ತಂದರು. ನೀತಾ ಓಡಿಸಿಕೊಂಡು ಬಂದಳು. ಹಿಂದೆ ಶಿವಗಂಗವ್ವ, ಅವರ ಪಕ್ಕದಲ್ಲಿ ರೊಟ್ಟಿ ಬುಟ್ಟಿ. ತಪಾಸಣೆಯವರು ಬಾಗಿಲು ತೆಗೆದು ನೋಡಿ, ಒಳಗಿರುವ ಬಿಡಿ ಸಾಮಾನೆಲ್ಲ ಇಳಿಸಬೇಕು ಎಂದರು. ಕೊಡೆ, ನೀರಿನ ತಂಬಿಗೆ, ಬುಟ್ಟಿ, ದಿಂಬು ಇಳಿದವು. ಕೊನೆಗೆ ಶಿವಗಂಗವ್ವನವರೂ ಇಳಿದು ಶಾಮಿಯಾನದ ನೆರಳಲ್ಲಿ ಕುರ್ಚಿ ಹಿಡಿದರು.

ಸಣ್ಣ ಇಂಜಿನ್ನಿನ ವರ್ಗದಲ್ಲಿ ನೀತಾ ಒಂದೊಂದೇ ಸುತ್ತು ಗೆಲ್ಲುತ್ತ ಹೋದಳು. ಕೊನೆಯ ಸುತ್ತಿಗೆ ಎದುರಾದವನು ಸ್ವಪ್ನಿಲ್. ಆದರೆ ಅದಕ್ಕೂ ಮೊದಲಿನ ಓಟ ಮುಗಿಸಿ ಬರುವಾಗಲೇ ಅವಳ ಮೂಗಿಗೆ ಕ್ಲಚ್ ಸುಟ್ಟ ವಾಸನೆ ಬಡಿಯಿತು. ಪೆಡಲು ಮೆತ್ತಗಾಗಿತ್ತು. ಅವ್ವನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಈ ಸಲ ಪೂರಾ ಒತ್ತಿದ್ರ ಗೆಲ್ಲಬಹುದವ್ವ. ಆದ್ರ ಕ್ಲಚ್ಚು ಹೋಗ್ತದ. ಘಾಟ ಏರೂದಿಲ್ಲ. ಯಾರದರ ಲಾರಿಯೊಳಗ ಮನಿಗೆ ಹೋಗಬೇಕಾಗ್ತದ."

ಶಿವಗಂಗವ್ವ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತಿದ್ದರು. "ನೀ ಏನ ಮಾಡಾಕ ಬಂದಿ ಇಲ್ಲಿ? ಹೋಗಾಕೋ, ಹೋಗಿ ಬರಾಕೋ?"

"ಎರಡಕ್ಕೂ."

"ಹಂಗಾರ ನನ್ನೇನ ಕೇಳ್ತಿ?"

ದೀಪ ಹಸಿರಾದಾಗ ಸ್ವಪ್ನಿಲನ ಗಾಡಿ ಗುಂಡಿನಂತೆ ಹೊರಟಿತು. ನೀತಾ ಕ್ಲಚ್ಚನ್ನು ಮೆಲ್ಲಗೆ, ಹಾಲಿನ ಪಾತ್ರೆ ಇಳಿಸಿದ ಹಾಗೆ ಬಿಟ್ಟಳು. ಅದು ಹಿಡಿದುಕೊಂಡದ್ದು ಗೊತ್ತಾದ ಮೇಲೆ ಎಕ್ಸಲರೇಟರ್ ಪೂರ್ತಿ ಒತ್ತಿದಳು. ಅರ್ಧ ದಾರಿಯಲ್ಲಿ ಅವನ ಹಿಂಬದಿ ಹತ್ತಿರ ಬಂತು, ಮುಕ್ಕಾಲು ದಾರಿಯಲ್ಲಿ ಬಾಗಿಲು ಬಂತು. ಗೆರೆ ದಾಟುವಾಗ ಅವನ ಮೂತಿ ಒಂದು ಮೊಳ ಮುಂದಿತ್ತು. ಸೋತಳು. ಗಾಡಿ ತಿರುಗಿಸಿಕೊಂಡು ಬರುವಾಗ ಕಿವಿಯೆಲ್ಲ ಕ್ಲಚ್ಚಿನ ಕಡೆಗೇ ಇತ್ತು.

ಬಹುಮಾನ ತೆಗೆದುಕೊಂಡ ಸ್ವಪ್ನಿಲ್ ಅವಳು ಬುಟ್ಟಿ, ಕೊಡೆ, ದಿಂಬು ಮತ್ತೆ ಒಳಗಿಡುವುದನ್ನು ನೋಡುತ್ತ ನಿಂತ. "ನಿಜವಾಗ್ಲೂ ಇದರಾಗ ಹೋಗ್ತೀರಿ?"

"ಹೌದ್ರಿ."

"ನಾನೂ ಬರ್ಲೇನು? ನೋಡಬೇಕಾಗ್ಯದ."

ತನ್ನ ಗಾಡಿಯನ್ನು ಲಾರಿಯ ಹುಡುಗರಿಗೆ ಒಪ್ಪಿಸಿ ಮುಂದಿನ ಸೀಟಿನಲ್ಲಿ ಕೂತ. ಘಾಟಿನಲ್ಲಿ ಮುಳ್ಳು ಏರೀತೆಂದು ಕಾದ; ಏರಲಿಲ್ಲ. ಸಿಗ್ನಲ್ಲಿನಲ್ಲಿ ಇಂಜಿನ್ ಆರೀತೆಂದು ಕಾದ, ಆರಲಿಲ್ಲ. ಶಿವಗಂಗವ್ವ ಹಿಂದೆ ಗೊರಕೆ ಹೊಡೆಯುತ್ತಿದ್ದರು. ಊರು ಬರುವ ಹೊತ್ತಿಗೆ ಸ್ವಪ್ನಿಲ್ ಹೇಳಿದ, "ಇಂಥಾವು ನಾಕು ಮಂದಿಗೆ ಮಾಡಿಕೊಡೂಣೇನ್ರಿ? ನನ್ನ ಗ್ಯಾರೇಜ್ ಅದ."

ಹಾಗೆ ಸುರುವಾದ ಪಾಲುದಾರಿಕೆ ಚೆನ್ನಾಗಿಯೇ ನಡೆಯಿತು. ಮುಂಜಾನೆ ಅಂಗಡಿ, ಮಧ್ಯಾಹ್ನದ ಮೇಲೆ ಹಡಪಸರ. ಬಂದವರಿಗೆ ನೀತಾ ಮೊದಲು ಕೇಳುತ್ತಿದ್ದದ್ದು ಎಷ್ಟು ಜೋರು ಬೇಕು ಎಂದಲ್ಲ. "ಗಾಡಿಯೊಳಗ ಯಾರ್ಯಾರು ಕೂಡ್ತಾರ?" ಎಂದು. ಸುಹಾಸ ಎಂಬ ಹೋಟೆಲಿನವರ ಕಾರು ಬೆಳಿಗ್ಗೆ ತರಕಾರಿ ಹೊರಬೇಕಿತ್ತು. ಅದಕ್ಕೆ ತಕ್ಕ ಸ್ಪ್ರಿಂಗು ಹಾಕಿದಳು. ಒಬ್ಬನು ಮುಂಬೈ ಹೆದ್ದಾರಿಯಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟಲು ಗಾಡಿ ಬೇಕೆಂದಾಗ ಕೀಲಿ ವಾಪಸು ಕೊಟ್ಟು, "ಹೋಗಿ ಬರ್ರಿ," ಎಂದಳು. ೨೦೦೫ರಲ್ಲಿ ಅದೇ ಪಟ್ಟಿಯ ಮೇಲೆ ತನ್ನ ವರ್ಗದಲ್ಲಿ ಗೆದ್ದಳು. ಹೊಳಬಸಪ್ಪನವರು ಅವತ್ತು ಮೊದಲ ಸಲ ಅಂಗಡಿಗೆ ಬೀಗ ಹಾಕಿ ನೋಡಲು ಬಂದಿದ್ದರು. ಮಗಳು ಗೆದ್ದಾಗ ಚಪ್ಪಾಳೆ ಹೊಡೆಯಲಿಲ್ಲ. ನೆಟ್ಟಗೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು.

ಮರುವರ್ಷ ರೇಸಿನ ಹಿಂದಿನ ದಿನದ ಅಭ್ಯಾಸಕ್ಕೆ ಹೊರಟಾಗ ಶಿವಗಂಗವ್ವ ಕುರ್ಚಿಯಿಂದ ಎದ್ದರು. "ಇಷ್ಟ ವರ್ಷ ಹಿಂದ ಕೂತು ಬಂದೀನಿ. ಆ ಕಾಲು ಮೈಲಿ ಮಾತ್ರ ಹೊರಗ ಕೂಡಸ್ತೀರಿ. ಅದರಾಗ ಏನದ ಅಂತ ನನಗೂ ನೋಡಬೇಕು."

ರೇಸಿನಲ್ಲಿ ಜೊತೆಗಾರರಿಗೆ ಅವಕಾಶವಿರಲಿಲ್ಲ. ಅಭ್ಯಾಸದ ದಿನ ನಡೆಸುವವರು ಒಪ್ಪಿದರು. ಹೆಲ್ಮೆಟ್ ಹಾಕಿ ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಳ್ಳಬೇಕು ಎಂದರು. ಶಿವಗಂಗವ್ವ ಸೆರಗನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಂಡು, ಕುಂಕುಮ ಅಳಿಸೀತೆಂದು ಒಮ್ಮೆ ಗೊಣಗಿ ಕೂತರು. ದೀಪ ಹಸಿರಾಯಿತು. ಪಟ್ಟಿಯ ಎರಡೂ ಬದಿಯ ಒಣ ಹುಲ್ಲು ಒಂದೇ ಹಳದಿ ಗೆರೆಯಾಗಿ ಹಿಂದೆ ಹೋಯಿತು. ಗೆರೆ ದಾಟಿ ಗಾಡಿ ನಿಧಾನವಾದಾಗ ನೀತಾ ಹೆದರುತ್ತಲೇ ಪಕ್ಕಕ್ಕೆ ನೋಡಿದಳು.

"ಮುಗೀತು?" ಎಂದು ಕೇಳಿದರು ಶಿವಗಂಗವ್ವ.

"ಮುಗೀತು."

"ಸರಿ ನೋಡಲಿಲ್ಲ ನಾ. ಕಣ್ಣು ಮುಚ್ಚಿದ್ದೆ. ಇನ್ನೊಮ್ಮೆ ಬಿಡು."

ನೀತಾ ಗಾಡಿ ತಿರುಗಿಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು. ಮುಂದೆ ಇನ್ನೂ ಬಹಳ ಗಾಡಿಗಳಿದ್ದವು. ಶಿವಗಂಗವ್ವ ಹೆಲ್ಮೆಟ್ ತೆಗೆಯದೆ, ಮುಂದಿನವರು ಹೇಗೆ ಬಿಡುತ್ತಾರೆಂದು ಕತ್ತು ಚಾಚಿ ನೋಡುತ್ತ ಕೂತರು.