ಹಗುರ ಕೋವಿಯ ಚಳಿಗಾಲ

ಸ್ಕೋಫೀಲ್ಡ್ಸ್‌ನಲ್ಲಿ ನಮ್ಮ ಬೀದಿ ಮುಗಿಯುವ ಕಡೆ ಇನ್ನೂ ತಂತಿಬೇಲಿ, ಮೊಣಕಾಲುದ್ದ ಹುಲ್ಲು, ಯಾರದೋ ನಾಲ್ಕು ಕುದುರೆಗಳು ಇದ್ದ ದಿನಗಳವು. ನಮ್ಮ ಮನೆ ಹೊಸದು, ಗೋಡೆಗಳ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನನಗೆ ಹನ್ನೆರಡು ವರ್ಷ. ಮೈಸೂರು ಬಿಟ್ಟು ಈ ದೇಶಕ್ಕೆ ಬಂದು ಆರು ವರ್ಷವಾಗಿತ್ತು. ಆ ಮೇ ತಿಂಗಳಲ್ಲಿ ಆಸ್ಪತ್ರೆಗೆ ಹೋದ ಅಮ್ಮ ಬರಿಗೈಯಲ್ಲಿ ಮನೆಗೆ ಬಂದಳು. ಏಳನೇ ತಿಂಗಳಿಗೇ ಹುಟ್ಟಿದ ನನ್ನ ತಮ್ಮ ಒಮ್ಮೆಯೂ ಉಸಿರಾಡಿರಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ನಿಂತುಹೋಯಿತು. ಜಗಳವಿಲ್ಲ, ಅಳುವಿಲ್ಲ. ಅಮ್ಮ ಅನ್ನ, ಸಾರು ಮಾಡಿಟ್ಟು ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ಶಾಲೆಯಲ್ಲಿ ಟೀಚರ್ ಹೇಗಿದ್ದೀಯ ಎಂದು ಕೇಳಿದಾಗ ಚೆನ್ನಾಗಿದ್ದೀನಿ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಅದರ ಹಿಂದಿನ ವರ್ಷವೇ ಅಪ್ಪ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದರು. ಸೇರಿಸಿದ್ದು ಅವರ ಆಫೀಸಿನ ಬೋಪಣ್ಣ ಅಂಕಲ್. ವಿರಾಜಪೇಟೆ ಕಡೆಯವರು, ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಕೋವಿ ಹಿಡಿದವರು. ಅಪ್ಪ ಕ್ಲಬ್ಬಿನ ಸಣ್ಣ ಟ್ವೆಂಟಿಟೂ ರೈಫಲ್ಲಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತಿದ್ದರು, ಚೆನ್ನಾಗಿಯೇ ಹೊಡೆಯುತ್ತಿದ್ದರು. ತಮ್ಮ ಹೋದ ಮರುತಿಂಗಳು, ಇಲ್ಲಿ ಚಳಿಗಾಲ ಶುರುವಾಗುವ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಒಂದು ಹೊಸ ರೈಫಲ್ ತಂದರು. ತ್ರೀ ಹಂಡ್ರೆಡ್ ಮ್ಯಾಗ್ನಮ್. ಕಪ್ಪು ಫೈಬರ್ ಮೈ, ತೆಳ್ಳನೆಯ ನಳಿಕೆ. ನನ್ನ ಕೈಗೆ ಕೊಟ್ಟರು. ಐದು ಕೆಜಿ ಸೋನಾ ಮಸೂರಿ ಚೀಲದ ಅರ್ಧ ತೂಕ ಇತ್ತೇನೋ.

"ಇದು ಬೆಟ್ಟ ಹತ್ತೋರಿಗೆ ಮಾಡಿದ್ದು ಸುರೇಶ್," ಎಂದರು ಬೋಪಣ್ಣ ಅಂಕಲ್. "ಹೆಗಲಿಗೆ ಹಾಕ್ಕೊಂಡು ನಡೆಯೋಕೆ ಸುಖ, ಹೊಡೆಯೋಕಲ್ಲ. ತೋಟಾ ದೊಡ್ಡದು, ಕೋವಿ ಹಗುರ. ಒದೆತ ಪೂರ್ತಿ ನಿಮ್ಮ ಭುಜಕ್ಕೇ ಬರುತ್ತೆ."

"ನೋಡೋಣ," ಎಂದರು ಅಪ್ಪ.

ಶನಿವಾರ ಬೆಳಿಗ್ಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹನ್ನೆರಡು ತುಂಬಿದ್ದರಿಂದ ನನಗೂ ಮಕ್ಕಳ ಪರ್ಮಿಟ್ ಸಿಕ್ಕಿತ್ತು. ನಾನು ಟ್ವೆಂಟಿಟೂನಲ್ಲಿ ಇಪ್ಪತ್ತು ಗುಂಡು ಹೊಡೆದು, ಆಮೇಲೆ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಸುಟ್ಟ ಮದ್ದಿನ ವಾಸನೆ, ಇಬ್ಬನಿಗೆ ಒದ್ದೆಯಾದ ಹುಲ್ಲಿನ ವಾಸನೆ, ಅಂಕಲ್ ಫ್ಲಾಸ್ಕಿನ ಕಾಫಿ ವಾಸನೆ. ಅಪ್ಪ ಹೊಡೆದ ಖಾಲಿ ತೋಟಾಗಳನ್ನು ಆಯ್ದು, ಬಾಯಿಗಿಟ್ಟು ಊದಿ, ಯಾವುದು ಜೋರಾಗಿ ಸೀಟಿ ಹೊಡೆಯುತ್ತದೆ ಎಂದು ನೋಡುವುದು ನನ್ನ ಆಟ. ಬರುವಾಗ ಪೆಂಡಲ್ ಹಿಲ್‌ನಲ್ಲಿ ಮಸಾಲೆ ದೋಸೆ ತಿಂದು, ಅಮ್ಮನಿಗೆ ಕರಿಬೇವು ಕೊಂಡು ಮನೆಗೆ ಬರುತ್ತಿದ್ದೆವು. ದಾರಿಯಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ.

ಆ ರೈಫಲ್ ಪ್ರತಿ ಗುಂಡಿಗೂ ಅಪ್ಪನನ್ನು ಕುರ್ಚಿ ಸಮೇತ ಹಿಂದಕ್ಕೆ ದಬ್ಬುತ್ತಿತ್ತು. ಮೊದಲ ಗುಂಡು ಗುರಿಯ ಹತ್ತಿರ ಬೀಳುತ್ತಿತ್ತು. ಎರಡನೆಯದು ಪಕ್ಕಕ್ಕೆ. ತೆಳ್ಳನೆಯ ನಳಿಕೆ ಬಿಸಿಯಾದಂತೆ ಮೂರನೆಯದು ಇನ್ನೂ ಮೇಲಕ್ಕೆ. ಎರಡನೇ ವಾರ ರೈಫಲ್ ಮೇಲಿನ ದುರ್ಬೀನಿನ ಅಂಚು ಬಡಿದು ಅಪ್ಪನ ಹುಬ್ಬು ಸೀಳಿತು. ಕರವಸ್ತ್ರ ಒತ್ತಿಕೊಂಡು ಮತ್ತೆ ಐದು ಗುಂಡು ಹೊಡೆದರು.

ಮೂರನೇ ವಾರ ಬೋಪಣ್ಣ ಅಂಕಲ್, "ನಾನು ತುಂಬಿ ಕೊಡ್ತೀನಿ, ನೀವು ಹೊಡೀರಿ," ಎಂದರು. ಎರಡು ಸಲ ಸರಿಯಾಗಿ ತುಂಬಿದರು. ಮೂರನೇ ಸಲ ಅಪ್ಪನಿಗೆ ಕಾಣದಂತೆ ಖಾಲಿ ತೋಟಾ ಹಾಕಿ ಕೊಟ್ಟರು. ಅಪ್ಪ ಟ್ರಿಗರ್ ಎಳೆದರು. ಟಿಕ್ ಎಂದಿತು ಅಷ್ಟೇ. ಗುಂಡಿಲ್ಲ, ಒದೆತವಿಲ್ಲ. ಆದರೂ ಅಪ್ಪನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಮುಂದಕ್ಕೆ ನುಗ್ಗಿತ್ತು, ನಳಿಕೆ ನೆಲದ ಕಡೆ ಬಗ್ಗಿತ್ತು. ನಾನೂ ನೋಡಿದೆ.

"ಕೋವಿ ತಪ್ಪಲ್ಲ ಇದು," ಎಂದರು ಅಂಕಲ್ ಮೆಲ್ಲಗೆ. "ಒದೆಯೋಕೆ ಮುಂಚೆನೇ ನಿಮ್ಮ ಮೈ ಹೆದರ್ತಿದೆ. ಸ್ವಲ್ಪ ದಿನ ಟ್ವೆಂಟಿಟೂಗೆ ವಾಪಸ್ ಹೋಗಿ. ಇಲ್ಲಾ ಇದರ ಮೂತಿಗೊಂದು ಬ್ರೇಕ್ ಹಾಕಿಸಿ, ಒದೆತ ಅರ್ಧ ಕಮ್ಮಿ ಆಗುತ್ತೆ."

"ಬೇಡ ಬೋಪಣ್ಣ. ಹೀಗೇ ಇರ್ಲಿ."

ಮನೆಗೆ ಬಂದು ಅಪ್ಪ ಶರ್ಟ್ ಬಿಚ್ಚಿದಾಗ ಬಲ ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಫ್ರೀಜರಿನಿಂದ ಬಟಾಣಿ ಪ್ಯಾಕೆಟ್ ತಂದು ಇಟ್ಟೆ.

"ನೋಯಲ್ವಾ ಅಪ್ಪ?"

"ನೋಯುತ್ತೆ."

"ಮತ್ತೆ ಯಾಕೆ ಹೊಡೀತೀರ?"

"ಅದೊಂದಾದ್ರೂ ಗೊತ್ತಾಗುತ್ತಲ್ಲ ಪುಟ್ಟಿ," ಎಂದರು.

ನನಗೆ ಅರ್ಥವಾಯಿತು ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಬಟಾಣಿ ಕರಗುವವರೆಗೆ ಹಿಡಿದುಕೊಂಡು ಕೂತಿದ್ದೆ.

ಆಗಸ್ಟಿನಲ್ಲಿ ಗೌಲ್ಬರ್ನ್ ಆಚೆ, ಅಂಕಲ್ಲಿಗೆ ಪರಿಚಯದ ರೈತರೊಬ್ಬರ ಜಮೀನಿಗೆ ಹೋದೆವು. ಅಲ್ಲಿ ಜಿಂಕೆಗಳು ಹೆಚ್ಚಾಗಿ ಮೇವು ತಿಂದು ಹಾಕುತ್ತಿದ್ದವು; ಇಲ್ಲಿ ಅವನ್ನು ಹೊಡೆಯಲು ಅನುಮತಿಯಿದೆ. ಅಂಕಲ್ ಅಪ್ಪನನ್ನು ಕರೆದುಕೊಂಡು ಹೋಗಲು ಒಪ್ಪಿರಲಿಲ್ಲ. ಅಪ್ಪ ಮೂರು ಸಲ ಕೇಳಿದ ಮೇಲೆ ಒಪ್ಪಿದರು, ತೀರ ಹತ್ತಿರದಿಂದ ಮಾತ್ರ ಹೊಡೆಯಬೇಕು ಎಂದು ಮಾತು ತೆಗೆದುಕೊಂಡು. ನೆಲದ ಮೇಲೆ ಹಿಮ ಬಿಳಿಯಾಗಿ ಕೂತಿತ್ತು. ನನ್ನ ಬೆರಳ ತುದಿಗಳು ಮರಗಟ್ಟಿದ್ದವು. ಹತ್ತು ಗಂಟೆ ಹೊತ್ತಿಗೆ ಇಳಿಜಾರಿನಲ್ಲಿ ಒಂದು ಹೆಣ್ಣು ಜಿಂಕೆ ಒಂಟಿಯಾಗಿ ಮೇಯುವುದು ಕಂಡಿತು.

"ದೂರ ಆಯ್ತು. ಇನ್ನೂ ಹತ್ತಿರ ಹೋಗೋಣ," ಎಂದು ಅಂಕಲ್ ಪಿಸುಗುಟ್ಟಿದರು. ಅಷ್ಟರಲ್ಲಿ ಅಪ್ಪ ಹೊಡೆದಾಗಿತ್ತು.

ಜಿಂಕೆ ಬೆನ್ನು ಬಗ್ಗಿಸಿ ಒಮ್ಮೆ ಕುಪ್ಪಳಿಸಿ ಓಡಿತು. "ಹೊಟ್ಟೆಗೆ ಬಿತ್ತು," ಎಂದರು ಅಂಕಲ್. ಅವರು ಬೈಯಲಿಲ್ಲ. ಗಡಿಯಾರ ನೋಡಿ, ಅರ್ಧ ಗಂಟೆ ಕಾಯಬೇಕು, ಈಗಲೇ ಬೆನ್ನು ಹತ್ತಿದರೆ ಇನ್ನೂ ಓಡುತ್ತೆ ಎಂದರು. ಕಾದೆವು. ಆಮೇಲೆ ಹುಲ್ಲಿನ ಮೇಲಿನ ರಕ್ತ ನೋಡಿಕೊಂಡು ಎರಡು ಗಂಟೆ ನಡೆದೆವು. ಒಂದು ಮುರಿದುಬಿದ್ದ ನೀಲಗಿರಿ ಮರದ ಪಕ್ಕ ಅದು ಮಲಗಿತ್ತು. ಕತ್ತು ಎತ್ತಿತ್ತು. ನಮ್ಮನ್ನು ನೋಡಿತು, ಏಳಲಿಲ್ಲ.

"ಮುಗಿಸಿ ಸುರೇಶ್. ಬೇಗ."

ಹದಿನೈದು ಹೆಜ್ಜೆ ದೂರ ಇದ್ದಿರಬೇಕು. ಅಪ್ಪ ರೈಫಲ್ ಎತ್ತಿದರು. ಸದ್ದಿಗೆ ಸ್ವಲ್ಪ ಮುಂಚೆ ಅವರ ಕಣ್ಣು ಮುಚ್ಚಿದ್ದನ್ನು ಪಕ್ಕದಿಂದ ನೋಡಿದೆ. ಗುಂಡು ಜಿಂಕೆಯ ಮುಂದಿನ ಮಣ್ಣಿಗೆ ಬಡಿಯಿತು. ಮಣ್ಣು ಅದರ ಮುಖಕ್ಕೆ ಹಾರಿತು. ಅದು ಕತ್ತನ್ನು ಆ ಕಡೆ ತಿರುಗಿಸಿಕೊಂಡಿತು, ಅಷ್ಟೇ.

ಅಂಕಲ್ ತಮ್ಮ ಹಳೆಯ ಭಾರದ ಕೋವಿಯಿಂದ ಒಂದೇ ಗುಂಡು ಹೊಡೆದರು. ಆಮೇಲೆ ತಲೆಯ ಟೋಪಿ ತೆಗೆದರು. ಅಪ್ಪ ಹುಲ್ಲಿನ ಮೇಲೆ ಕೂತರು. ನಾನು ಹೋಗಿ ಜಿಂಕೆಯ ಕಿವಿ ಮುಟ್ಟಿದೆ. ಬೆಚ್ಚಗಿತ್ತು. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲು ತೆಗೆದಳು. ನನ್ನ ಬಿಳಿ ಶೂಗಳ ಮೇಲೆ ರಕ್ತ ಒಣಗಿತ್ತು. ಅದನ್ನೇ ನೋಡಿದಳು.

"ಏನಾಯ್ತು?" ಎಂದಳು. ಎಷ್ಟೋ ವಾರಗಳಲ್ಲಿ ಅವಳಾಗಿ ಕೇಳಿದ ಮೊದಲ ಮಾತು ಅದು.

ಅಪ್ಪ ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ಹೊಟ್ಟೆಗೆ ಬಿದ್ದದ್ದು, ಎರಡು ಗಂಟೆ ನಡೆದದ್ದು, ಹದಿನೈದು ಹೆಜ್ಜೆಯಲ್ಲಿ ತಪ್ಪಿದ್ದು. ಕೊನೆಗೆ, "ಅದು ಕಾಯ್ತಾ ಇತ್ತು ಕಣೇ. ನನ್ ಕೈಲಿ ಅಷ್ಟೂ ಆಗ್ಲಿಲ್ಲ," ಎಂದರು. ಅಮ್ಮ ನನ್ನ ಶೂ ಬಿಚ್ಚಿಸಿ ಲಾಂಡ್ರಿ ಕೋಣೆಗೆ ಒಯ್ದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಅಪ್ಪ ಅಲ್ಲಿಗೆ ಹೋದರು. ಇಬ್ಬರೂ ಅಳುವುದು ಕೇಳಿಸಿತು. ನಾನು ಟಿವಿ ಹಾಕಿಕೊಂಡೆ.

ಮುಂದಿನ ವಾರ ಅಪ್ಪ ರೈಫಲ್ಲನ್ನು ಅಂಗಡಿಗೆ ವಾಪಸ್ ಕೊಟ್ಟರು, ಕ್ಲಬ್ಬನ್ನೂ ಬಿಟ್ಟರು. ಅಮ್ಮ ನಿಧಾನವಾಗಿ ಮಾತಾಡತೊಡಗಿದಳು. ದೀಪಾವಳಿಗೆ ಮನೆ ತುಂಬ ಜನರನ್ನು ಕರೆದಳು. ಅವರಿಬ್ಬರೂ ಆ ಮೌನದಿಂದ ಹೊರಗೆ ಬಂದರು. ನಾನು ಬಂದೆನೇ, ಗೊತ್ತಿಲ್ಲ.

ಈಗ ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಸ್ಕೋಫೀಲ್ಡ್ಸ್‌ನ ಹುಲ್ಲುಗಾವಲು ಹೋಗಿದೆ, ಅಲ್ಲಿ ಸಾಲು ಮನೆಗಳು ಬಂದಿವೆ. ಭಾನುವಾರ ಅಪ್ಪ ಫೋನ್ ಮಾಡುತ್ತಾರೆ. ಮಳೆ ಬಂತಾ, ಊಟ ಆಯ್ತಾ, ರೆಂಟ್ ಮತ್ತೆ ಏರಿಸಿದರಾ ಎಂದು ಕೇಳುತ್ತಾರೆ. ನಾನೂ ಅಷ್ಟನ್ನೇ ಕೇಳುತ್ತೇನೆ. ತಮ್ಮನಿಗೆ ಏನು ಹೆಸರಿಡಬೇಕೆಂದಿದ್ದರು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಆ ಚಳಿಗಾಲದ ಅಷ್ಟೂ ಶನಿವಾರ, ಹೋಗಿ ಬರುವ ದಾರಿಯುದ್ದಕ್ಕೂ ಅಪ್ಪನ ಪಕ್ಕದ ಸೀಟಿನಲ್ಲೇ ಕೂತಿದ್ದೆ. ಕೇಳಿದ್ದರೆ ಹೇಳುತ್ತಿದ್ದರು. ಈಗ ಕೇಳಲು ಫೋನೇ ಗತಿ, ಮತ್ತು ಇಂಥದ್ದನ್ನು ನಮ್ಮ ಮನೆಯಲ್ಲಿ ಯಾರೂ ಫೋನಿನಲ್ಲಿ ಕೇಳುವುದಿಲ್ಲ.