ಬೀಗ ಒಳಗೆ, ಅಂಗಿ ಹೊರಗೆ

ಬೆಳಕು ಹರಿಯುವ ಮುನ್ನವೇ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅರ ಉಜ್ಜುವ ಸದ್ದು ಶುರುವಾಗುತ್ತದೆ. ಇಕ್ಕಳದಲ್ಲಿ ಬಿಗಿಹಿಡಿದ ಕೀಲಿಯ ಹಲ್ಲುಗಳನ್ನು ಬೀಗದಕ್ಕ ಒಂದೊಂದಾಗಿ ತೀಡುತ್ತಾರೆ. ಪುಡಿ ಊದಿ, ಕೀಲಿಯನ್ನು ಬೀಗಕ್ಕೆ ತೂರಿಸಿ, ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಕಟಕ್ ಎಂದರೆ ಬುಟ್ಟಿಗೆ, ಕರಕ್ ಎಂದರೆ ಮತ್ತೆ ಅರಕ್ಕೆ.

ಹೆತ್ತವರಿಟ್ಟ ಹೆಸರು ಬೀದಿಗೆ ಮರೆತುಹೋಗಿದೆ. ಎಲ್ಲರಿಗೂ ಅವರು ಬೀಗದಕ್ಕ. ಈ ಕಸುಬು ಮಾವನಿಂದ ಬಂದದ್ದು. ಗಂಡುಮಕ್ಕಳಿಬ್ಬರಿಗೂ ಅರ ಒಗ್ಗಲಿಲ್ಲವೆಂದು ಮಾವ ಹಿರಿಯ ಸೊಸೆಯನ್ನು ಎದುರು ಕೂರಿಸಿಕೊಂಡರು. ಕೈ ಕುದುರಲು ವರ್ಷಗಳೇ ಬೇಕಾದವು. ಕಿರಿಯ ಸೊಸೆ ಮಾತ್ರ ಅಂಗಿ ಹೊಲಿಯುವ ಫ್ಯಾಕ್ಟರಿಗೆ ಹೋದಳು. ಗೋಡೆ ಹಂಚಿಕೊಂಡ ಎರಡು ಮನೆ, ಇಬ್ಬರು ಓರಗಿತ್ತಿಯರು.

ಆಮೇಲೆ ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರ ಒಪ್ಪಂದವಾಯಿತು. ಇಲ್ಲಿಂದ ಹೋಗುವ ಅಂಗಿಗೆ ಅಲ್ಲಿ ಸುಂಕವಿಲ್ಲ, ಅಲ್ಲಿಂದ ಬರುವ ಬೀಗಕ್ಕೆ ಇಲ್ಲಿ ಸುಂಕವಿಲ್ಲ. ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಶುರುವಾಯಿತು, ಓರಗಿತ್ತಿ ಮೇಸ್ತ್ರಿಯಾದಳು, ಅವಳನ್ನು ಕರೆದೊಯ್ಯಲು ಬಾಗಿಲಿಗೇ ಬಸ್ಸು ಬಂತು. ಅದೇ ತಿಂಗಳುಗಳಲ್ಲಿ, ಬೀಗದಕ್ಕನ ಬೀಗಗಳನ್ನು ಕೊಳ್ಳುತ್ತಿದ್ದ ಅಂಗಡಿಯವನು ಬುಟ್ಟಿಯನ್ನು ತುಂಬಿದ್ದ ಹಾಗೆಯೇ ವಾಪಸ್ ಕಳಿಸಿದ. ಪರದೇಶದ ಬೀಗ ಅರ್ಧ ಬೆಲೆಗೆ ಸಿಗುತ್ತದೆ, ಏನು ಮಾಡಲಿ ತಾಯಿ ಎಂದನಂತೆ.

“ಆ ಬಸ್ಸಿನ ಹಾರ್ನ್ ಕೇಳಿದ್ರೆ ಹೊಟ್ಟೆಗೆ ಬೆಂಕಿ ಬಿದ್ದಂಗಾಗೋದು,” ಎನ್ನುತ್ತಾರೆ ಬೀಗದಕ್ಕ, ಅರ ನಿಲ್ಲಿಸದೆ. “ಅವಳು ಫ್ರಿಜ್ ತಂದ್ಲು. ನಾನು ಬೇಸಿಗೆಯೆಲ್ಲಾ ಅವರ ಮನೆ ನೀರು ಮುಟ್ಟಲಿಲ್ಲ.”

ಒಪ್ಪಂದದಿಂದ ತನಗೂ ಲಾಭವಾಗಿತ್ತು ಎಂಬುದನ್ನು ಅವರು ಗಂಟಲಲ್ಲಿ ಸಿಕ್ಕಿದ್ದನ್ನು ತೆಗೆದಂತೆ ಹೇಳುತ್ತಾರೆ. ಹಿತ್ತಾಳೆಯ ತಗಡೂ ಅದೇ ದೇಶದ್ದು, ಅದೂ ಅಗ್ಗವಾಗಿತ್ತು. ಪರದೇಶದ ಬೀಗ ಅಗ್ಗವಾದ್ದರಿಂದ ಬಾಡಿಗೆ ಕೋಣೆಯ ಬಡಪಾಯಿಗಳೂ ಮೊದಲ ಸಲ ಬಾಗಿಲಿಗೊಂದು ಬೀಗ ಕಂಡರು. ಗಂಡ ಈ ಮಾತು ಎತ್ತಿದಾಗ ಬಾಯಿ ಮುಚ್ಚಿಸಿದ್ದರು. ಓರಗಿತ್ತಿಯೇ ತನ್ನ ಬಾಗಿಲಿಗೆ ಪರದೇಶದ ಬೀಗ ತೂಗುಹಾಕಿದ ದಿನ ಇಬ್ಬರ ನಡುವೆ ಮಾತು ನಿಂತುಹೋಯಿತು.

ಹೋದ ವರ್ಷ ಎರಡು ಸರ್ಕಾರಗಳು ಮುನಿಸಿಕೊಂಡವು. ಸುಂಕ ಮರಳಿತು. ಅಂಗಿ ಗೋದಾಮಿನಲ್ಲೇ ಉಳಿಯಿತು, ಪರದೇಶದ ಬೀಗ ದುಬಾರಿಯಾಯಿತು, ಅಂಗಡಿಯವನು ತಾನೇ ಬುಟ್ಟಿ ಹಿಡಿದು ಶೆಡ್ಡಿಗೆ ಬಂದ. ಬಸ್ಸು ಬಾರದ ಮೊದಲ ಬೆಳಿಗ್ಗೆ ಬೀಗದಕ್ಕನಿಗೆ ಒಳಗೊಳಗೇ ಹಿಗ್ಗು. ನೋಡೋಣವೆಂದು ಬಾಗಿಲಿಗೆ ಬಂದರೆ, ಓರಗಿತ್ತಿ ತಲೆ ಬಾಚಿ, ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಕೆಲಸವಿಲ್ಲವೆಂದು ಹಿಂದಿನ ಸಂಜೆಯೇ ಹೇಳಿದ್ದರಂತೆ. ಆದರೂ ತಯಾರಾಗಿದ್ದಳು.

ಬೀಗದಕ್ಕ ಅವಳ ಹೊಸ್ತಿಲವರೆಗೆ ಹೋದರು. “ಡಬ್ಬಿ ಒಳಗಿಟ್ಟು ಬಾ. ಅರ ಹಿಡಿಯೋದು ತೋರಿಸ್ತೀನಿ,” ಎಂದರು. ಅವಳು “ಹೂಂ, ಅಕ್ಕ” ಎಂದಳು. ಅಷ್ಟೇ ರಾಜಿ.

ಈಗ ಶೆಡ್ಡಿನಲ್ಲಿ ಎರಡು ಅರಗಳ ಸದ್ದು. ಬೀಗದಕ್ಕ ವರ್ಷಗಟ್ಟಲೆ ಕಲಿತದ್ದನ್ನು, ಸೂಜಿ ಹಿಡಿದು ಪಳಗಿದ ಓರಗಿತ್ತಿಯ ಬೆರಳುಗಳು ಒಂದು ಚಳಿಗಾಲದಲ್ಲಿ ಕಲಿತುಬಿಟ್ಟವು. ಅವಳ ಕೀಲಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ. ಮೊನ್ನೆ ಅಂಗಡಿಯವನು, ಬೀಗಗಳನ್ನು ಆರಿಸುತ್ತಾ, ಕಿರಿಯಮ್ಮನವರದ್ದು ಇನ್ನಷ್ಟು ಕೊಡಿ ಎಂದ. ಬೀಗದಕ್ಕ ಕೊಟ್ಟರು. ಮಾರನೆಯ ದಿನದಿಂದ ತಮ್ಮ ಬೀಗದ ಬೆನ್ನಿಗೆ ಸಣ್ಣ ಚುಕ್ಕಿ ಒತ್ತುತ್ತಿದ್ದಾರೆ. ಯಾರದ್ದು ಯಾವುದೆಂದು ಗೊತ್ತಿರಲಿ ಎಂದು.

ಸರ್ಕಾರಗಳು ಮತ್ತೆ ಮಾತುಕತೆಗೆ ಕೂತಿವೆಯೆಂದು ರೇಡಿಯೊ ಹೇಳುತ್ತಿದೆ. ಒಪ್ಪಂದ ಮತ್ತೆ ಆಗಲಿ ಎಂಬುದೇ ತಮ್ಮ ಆಸೆ ಎಂದು ಬೀಗದಕ್ಕ ಹೇಳಿದಾಗ ಕೇಳಿದವರಿಗೆ ನಂಬಲಾಗುವುದಿಲ್ಲ. ಫ್ಯಾಕ್ಟರಿ ತೆರೆಯಬಹುದು, ಆದರೆ ಪರದೇಶದ ಬೀಗವೂ ಬರುತ್ತದಲ್ಲ?

ಓರಗಿತ್ತಿ ನೀರು ತರಲು ಒಳಹೋದದ್ದನ್ನು ನೋಡಿಕೊಂಡು ಅವರು ದನಿ ತಗ್ಗಿಸುತ್ತಾರೆ.

“ಬರಲಿ ಬಿಡಿ. ಆ ಬೀಗದ ಜೊತೆ ಹೇಗೋ ಗುದ್ದಾಡ್ತೀನಿ. ಎದುರಿಗೇ ಕೂತು, ಅಕ್ಕ ಅಕ್ಕ ಅಂತಾನೇ ನನಗಿಂತ ಚೆನ್ನಾಗಿ ಮಾಡ್ತಾಳಲ್ಲ, ಅವಳ ಜೊತೆ ನನ್ನ ಕೈಲಾಗಲ್ಲ.”